ಮೊದಲು ಬೆನ್ನಿಗೆ ಕೈಯಿಡು

ವೆದರ್‌ಫರ್ಡ್, ಟೆಕ್ಸಸ್
ಭಾನುವಾರ ಸಂಜೆ

ಮುದ್ದಿನ ಪುಟ್ಟಿಗೆ,

ನೀನು ಕಳಿಸಿದ ಹನ್ನೊಂದು ಫೋಟೋಗಳನ್ನೂ ರಾತ್ರಿ ಕೂತು ನೋಡಿದೆ. ಒಂಬತ್ತು ಜೀನಿನವು, ಒಂದು ನಿನ್ನ ಹೊಸ ಬೂಟಿನದು, ಕೊನೆಗೆ ಒಂದೇ ಒಂದು ಕುದುರೆಯದು. ಅದರಲ್ಲೂ ಪಾಪ, ಅದರ ಬೆನ್ನು ಕಾಣುತ್ತಿಲ್ಲ. ಸೀರೆ ಅಂಗಡಿಗೆ ಕರೆದುಕೊಂಡು ಹೋದರೆ ಇವಳು ಸೆರಗು ಬಿಟ್ಟು ಬೇರೇನೂ ನೋಡುವುದಿಲ್ಲ ಅಂತ ಚಿಕ್ಕಮ್ಮ ಸುಮ್ಮನೆ ಹೇಳುತ್ತಿದ್ದರಾ!

ಇಲ್ಲಿ ಎಲ್ಲರೂ ಚೆನ್ನಾಗಿದ್ದೇವೆ. ಊರಿಂದ ಅಮ್ಮ ಫೋನ್ ಮಾಡಿದ್ದರು, ಮಂಡಿನೋವು ಸ್ವಲ್ಪ ಕಡಿಮೆಯಂತೆ. ನೀನು ಸ್ಟಿಲ್‌ವಾಟರ್‌ನಲ್ಲಿ ಓದು ಮುಗಿಸಿ, ಕೆಲಸ ಹಿಡಿದು, ಸ್ವಂತ ದುಡ್ಡಲ್ಲಿ ಕುದುರೆ ಕೊಂಡಿದ್ದೀಯ ಅಂತ ಹೇಳಿದಾಗ ಐದು ನಿಮಿಷ ಮಾತೇ ಇಲ್ಲ. ಆಮೇಲೆ ಕೇಳಿದ್ದು ಒಂದೇ ಪ್ರಶ್ನೆ: "ಅದಕ್ಕೆ ಹೊಟ್ಟೆ ತುಂಬ ಮೇವು ಹಾಕ್ತಾಳೇನೇ?"

ಆ ನೀಲಿ ಕಲ್ಲು ಕೂರಿಸಿ, ಹೂಬಳ್ಳಿ ಕೆತ್ತಿದ ಜೀನು ಚೆಂದವಿದೆ, ಇಲ್ಲ ಅನ್ನುವುದಿಲ್ಲ. ಆದರೆ ಮಂಗಳವಾರದೊಳಗೆ ಅದಕ್ಕೆ ದುಡ್ಡು ಕಟ್ಟಬೇಕು ಅಂತ ಬರೆದಿದ್ದೀಯಲ್ಲ, ಅದನ್ನು ಓದಿದ ಮೇಲೆ ನನಗೆ ನಿದ್ದೆ ಹತ್ತಲಿಲ್ಲ. ಅದಕ್ಕೇ ಈ ಪತ್ರ. ಕಟ್ಟಬೇಡ ಕಣೇ, ಒಂದು ವಾರ ತಡಿ.

ನಿನಗೆ ತಾತನ ನೆನಪಿದೆಯೋ ಇಲ್ಲವೋ, ನೀನಾಗ ತೀರಾ ಚಿಕ್ಕವಳು. ಉಳುಮೆ ಮುಗಿಸಿ ನೊಗ ಇಳಿಸಿದ ಕೂಡಲೇ ತಾತ ಎರಡೂ ಎತ್ತುಗಳ ಹೆಗಲ ಮೇಲೆ ಅಂಗೈ ಇಟ್ಟು ಸ್ವಲ್ಪ ಹೊತ್ತು ಹಾಗೇ ನಿಲ್ಲುತ್ತಿದ್ದರು. ಅಂಗೈಗೆ ಬಿಸಿ ತಗುಲಿದರೆ, ಒಂದಿಷ್ಟು ಬಾವು ಕಂಡರೆ, ಮಾರನೇ ದಿನ ಹದ ಮಳೆಯೇ ಬಿದ್ದಿರಲಿ, ಆ ಎತ್ತಿಗೆ ನೊಗ ಇಲ್ಲ. ಬಾಯಿಲ್ಲದ್ದು, ನಾವೇ ಕೇಳಬೇಕು ಅನ್ನುತ್ತಿದ್ದರು. ಆ ಮಾತು ನನಗೆ ನಿಜವಾಗಿ ಅರ್ಥವಾಗಿದ್ದು ನಾಲ್ಕು ವರ್ಷದ ಹಿಂದೆ, ಇದೇ ಟೆಕ್ಸಸ್‌ನಲ್ಲಿ.

ನನ್ನ ಕುದುರೆ ಬೆಲ್ಲ ಗೊತ್ತಲ್ಲ ನಿನಗೆ? ಅವನಿಗೆ ಆ ವರ್ಷ ಒಂದು ಹಳೇ ಜೀನು ಕೊಂಡೆ. ಕೂತರೆ ತೊಟ್ಟಿಲಲ್ಲಿ ಕೂತ ಹಾಗೆ ಹಿತವಾಗಿತ್ತು, ಅಷ್ಟಕ್ಕೇ ಕೊಂಡೆ. ಎರಡು ತಿಂಗಳು ಏನೂ ಆಗಲಿಲ್ಲ. ಆಮೇಲೆ ಜೀನು ಎತ್ತಿಕೊಂಡು ಹೋದರೆ ಸಾಕು, ಕಿವಿ ಹಿಂದಕ್ಕೆ ಮಡಚುತ್ತಿದ್ದ. ಮೂರು ಪೀಪಾಯಿ ಸುತ್ತಿ ಬರುವ ನಮ್ಮ ಬ್ಯಾರಲ್ ಓಟದಲ್ಲಿ ಮೊದಲನೇ ಬ್ಯಾರಲ್‌ಗೆ ಅಗಲವಾಗಿ ಹೋಗತೊಡಗಿದ. ಕೊನೆಗೊಂದು ದಿನ ಮೂರನೆಯದಕ್ಕೆ ತಿರುಗದೆ ನೇರ ಬೇಲಿಯವರೆಗೂ ಓಡಿಬಿಟ್ಟ. ಮೊಂಡುತನ ಕಲಿತಿದ್ದಾನೆ, ಕಡಿವಾಣ ಬದಲಾಯಿಸು ಅಂದರು ಸುತ್ತಲಿನವರು. ಬದಲಾಯಿಸಿದೆ ಪುಟ್ಟಿ. ಬಾಯಿಗೆ ಇನ್ನೂ ಬಿಗಿಯಾದ ಕಡಿವಾಣ ಹಾಕಿದೆ.

ಒಂದು ಮಧ್ಯಾಹ್ನ ಓಡಿಸಿ ಬಂದು ಜೀನು, ಅದರಡಿಯ ಪ್ಯಾಡು ಎರಡನ್ನೂ ಇಳಿಸಿದಾಗ ಕಂಡಿತು. ಇಡೀ ಬೆನ್ನು ಬೆವರಿನಿಂದ ತೊಯ್ದಿದೆ, ಭುಜದ ಹಿಂದೆ ಮಾತ್ರ ಎರಡೂ ಕಡೆ ಅಂಗೈಯಗಲ ಒಣಗಿದ ಮಚ್ಚೆ. ಒತ್ತಡ ಅಷ್ಟಿದ್ದರೆ ಆ ಜಾಗ ಬೆವರುವುದಕ್ಕೂ ಆಗುವುದಿಲ್ಲ. ಎರಡು ಬೆರಳಿಂದ ಮೆಲ್ಲಗೆ ಒತ್ತಿದೆ. ಕಾದ ಕಬ್ಬಿಣ ಮುಟ್ಟಿಸಿದ ಹಾಗೆ ಬೆನ್ನನ್ನು ಕೆಳಕ್ಕೆ ಎಳೆದುಕೊಂಡ. ಮುಂದೆ ಆ ಜಾಗದಲ್ಲಿ ಬಿಳಿಕೂದಲು ಬಂತು. ಇವತ್ತಿಗೂ ಇದೆ. ದಿನಾ ಬೆಳಗ್ಗೆ ಬ್ರಶ್ ಮಾಡುವಾಗ ನನ್ನ ಕೈ ಅಲ್ಲಿ ತಾನಾಗಿ ಹಗುರವಾಗುತ್ತದೆ. ನಿನ್ನ ಕುದುರೆ ಹುಡುಗಿಯ ಬೆನ್ನಿಗೆ ಅಂಥ ಗುರುತು ಬೀಳಬಾರದು. ನಾನು ಹೇಳಬೇಕಿರುವುದು ಇಷ್ಟೇ, ಮಿಕ್ಕಿದ್ದೆಲ್ಲ ಇದರ ವಿವರ.

ಈ ಆಟದಲ್ಲಿ ಜೀನಿನ ಮೇಲೆ ಬೀಳುವ ಹೊರೆ ಎಂಥದ್ದು ಯೋಚಿಸು. ಮೊದಲ ಎರಡು ಬ್ಯಾರಲ್‌ಗಳ ನಡುವೆ 90 ಅಡಿ, ಅಲ್ಲಿಂದ ಮೂರನೆಯದಕ್ಕೆ 105 ಅಡಿ. ಹದಿನೇಳೋ ಹದಿನೆಂಟೋ ಸೆಕೆಂಡಿನಲ್ಲಿ ಕುದುರೆ ಪ್ರಾಣದ ಹಂಗು ಬಿಟ್ಟು ಓಡಬೇಕು, ಮೂರು ಸಲ ಹಿಂಗಾಲು ಊರಿ ಬಿಲ್ಲಿನಂತೆ ಬಾಗಬೇಕು, ಮತ್ತೆ ಚಿಮ್ಮಬೇಕು. ಮುಂಗಾಲು ಮುಂದಕ್ಕೆ ಚಾಚಿದಾಗಲೆಲ್ಲ ಭುಜದ ಮೂಳೆಯ ಮೇಲ್ತುದಿ ಹಿಂದಕ್ಕೆ ಸರಿಯುತ್ತದೆ. ಅಲ್ಲಿ ಜೀನಿನ ಗಟ್ಟಿ ತುದಿ ಕಾದು ಕೂತಿದ್ದರೆ ಪ್ರತಿ ಹೆಜ್ಜೆಗೂ ಒಂದು ಗುದ್ದು. ಹೊಸ ಚಪ್ಪಲಿ ಕಚ್ಚಿದರೆ ನೀನು ಕಾಲು ಕುಂಟುತ್ತೀಯ, ಕುದುರೆ ಅಗಲವಾಗಿ ತಿರುಗುತ್ತದೆ. ಬಿದ್ದ ಬ್ಯಾರಲ್‌ಗೆ 5 ಸೆಕೆಂಡ್ ದಂಡ ಕಟ್ಟುವುದು ನಮಗೆ ಕಾಣುತ್ತದೆ, ಅದರ ಹಿಂದಿನ ನೋವು ಕಾಣುವುದಿಲ್ಲ.

ಅದಕ್ಕೇ ಹೇಳುವುದು, ಜೀನು ನೋಡಲು ಹೊರಡುವ ಮುಂಚೆ ಬೆನ್ನು ನೋಡು. ಸಮತಟ್ಟಾದ ನೆಲದ ಮೇಲೆ, ತಲೆ ನೇರ ಇಟ್ಟುಕೊಂಡು ನಿಲ್ಲುವ ಹಾಗೆ ಅವಳನ್ನು ನಿಲ್ಲಿಸು. ಕೈಯಲ್ಲಿ ತಡವಿ ಭುಜದ ಮೂಳೆಯ ಹಿಂದಿನ ಅಂಚು ಹುಡುಕಿ ಸೀಮೆಸುಣ್ಣದಲ್ಲಿ ಗೆರೆ ಎಳಿ. ಇನ್ನೊಂದು ಗೆರೆ ಹಿಂದೆ, ಕೊನೆಯ ಪಕ್ಕೆಲುಬನ್ನು ಬೆರಳಲ್ಲಿ ಹಿಡಿದು ಮೇಲಕ್ಕೆ ಹೋದರೆ ಸಿಗುತ್ತದೆ. ಕುದುರೆಗೆ ಪಕ್ಕೆಲುಬು 18 ಜೊತೆ. ಕೊನೆಯದರಾಚೆ ಸೊಂಟ, ಆಸರೆಯಿಲ್ಲದ ಜಾಗ, ಅಲ್ಲಿ ಭಾರ ಹೊರಿಸಬಾರದು. ಈ ಎರಡು ಗೆರೆಗಳ ನಡುವೆ ಎಷ್ಟಿದೆಯೋ ಅಷ್ಟೇ ನಿನ್ನ ಜೀನಿನ ಮನೆ. ನಿನ್ನ ಕುದುರೆ ಗಿಡ್ಡ ಬೆನ್ನಿನ ಕ್ವಾರ್ಟರ್ ಹಾರ್ಸ್ ತಳಿಯದು ತಾನೆ? ಹಾಗಾದರೆ ಕೆಳಗಿನ ಚರ್ಮ, ಅಂದರೆ ಸ್ಕರ್ಟು, ಚೌಕವಾಗಿರುವುದಕ್ಕಿಂತ ದುಂಡಗಿದ್ದರೆ ಒಳ್ಳೆಯದು.

ಜೀನಿನ ಒಳಗಿರುವ ಅಸ್ಥಿಪಂಜರಕ್ಕೆ ಇಲ್ಲಿ ಟ್ರೀ ಅನ್ನುತ್ತಾರೆ. ಮರ ಇರಬಹುದು, ಫೈಬರ್ ಇರಬಹುದು. ಬೆನ್ನೆಲುಬಿನ ಎರಡೂ ಪಕ್ಕ ಉದ್ದಕ್ಕೆ ಕೂರುವ ಅದರ ಪಟ್ಟಿಗಳೇ ಬಾರ್‌ಗಳು. ಅವುಗಳ ಅಗಲಕ್ಕೆ ಸೆಮಿ ಕ್ವಾರ್ಟರ್, ಫುಲ್ ಕ್ವಾರ್ಟರ್ ಅಂತ ಅಂಗಡಿಯಲ್ಲಿ ಹೇಳುತ್ತಾರೆ, ಗಲೆಟ್, ಅಂದರೆ ಮುಂದಿನ ಕಮಾನಿನ ಅಗಲ, ಆರೂವರೆ ಇಂಚು, ಏಳು ಇಂಚು ಅಂತಲೂ ಹೇಳುತ್ತಾರೆ. ಆ ಲೆಕ್ಕ ಕೇಳಿಸಿಕೋ, ನಂಬಿ ಕೂರಬೇಡ. ಒಬ್ಬ ಟೈಲರಿನ 36 ಇನ್ನೊಬ್ಬನ 36 ಅಲ್ಲವಲ್ಲ, ಹಾಗೆಯೇ ಇದೂ. ಅಗಲದಷ್ಟೇ ಮುಖ್ಯ ಬಾರ್ ಇಳಿಯುವ ಓರೆ. ಅದು ಬೆನ್ನಿನ ಇಳಿಜಾರಿಗೆ ಹೊಂದಬೇಕು.

ಮೊದಲ ಸಲ ಪ್ಯಾಡ್ ಇಲ್ಲದೆ, ಬರೀ ಬೆನ್ನಿನ ಮೇಲೆ ಜೀನು ಇಡು. ಸ್ವಲ್ಪ ಮುಂದಿಟ್ಟು ಹಿಂದಕ್ಕೆ ಜಾರಿಸು, ತಾನಾಗಿ ನಿಲ್ಲುವ ಜಾಗ ಸಿಗುತ್ತದೆ. ಮುಂದಿನ ಚರ್ಮ ಭುಜದ ಗೆರೆ ದಾಟಿದರೆ ಪರವಾಗಿಲ್ಲ, ಒಳಗಿನ ಟ್ರೀ ದಾಟಬಾರದು. ಕತ್ತು ಮುಗಿಯುವಲ್ಲಿ ಎದ್ದಿರುವ ಉಬ್ಬಿನ ಮೇಲೆ ಎರಡು ಮೂರು ಬೆರಳು ಜಾಗ ಬೇಕು. ಈಗ ಅಂಗೈಯನ್ನು ಚಪ್ಪಟೆಯಾಗಿಸಿ ಬಾರ್‌ನ ಕೆಳಗೆ ಮುಂದಿನಿಂದ ಹಿಂದಕ್ಕೆ ತೂರಿಸು. ಉದ್ದಕ್ಕೂ ಒಂದೇ ಒತ್ತಡ ಸಿಗಬೇಕು. ನಡುವೆ ಕೈ ಸಡಿಲವಾದರೆ, ಹಳ್ಳಕ್ಕೆ ಹಲಗೆ ಹಾಕಿದ ಹಾಗೆ ಭಾರವೆಲ್ಲ ಎರಡು ತುದಿಗೆ ಬೀಳುತ್ತಿದೆ ಅಂತ ತಿಳಿ. ನನ್ನ ಬೆಲ್ಲನಿಗೆ ಆಗಿದ್ದು ಅದೇ. ನಡುವೆ ಬಿಗಿಯಾಗಿ ತುದಿಗಳೆದ್ದರೆ ಜೀನು ಕುಂಟುಮಣೆಯ ಹಾಗೆ ಹಿಂದೆ ಮುಂದೆ ತೂಗಾಡುತ್ತದೆ. ಎರಡೂ ಬೇಡ.

ಎಲ್ಲರೂ ಹೇಳುವ ಒಂದು ಉಪಾಯ ನಿನ್ನ ಕಿವಿಗೂ ಬೀಳುತ್ತದೆ: ದಪ್ಪ ಪ್ಯಾಡ್ ಹಾಕು, ಸರಿಹೋಗುತ್ತೆ ಅಂತ. ಬಿಗಿ ಬೂಟಿಗೆ ಎರಡು ಜೊತೆ ಕಾಲುಚೀಲ ಹಾಕಿದರೆ ಕಾಲಿಗೆ ಸುಖವೇ? ಮುಕ್ಕಾಲು ಇಂಚಿನಿಂದ ಒಂದು ಇಂಚಿನವರೆಗಿನ ಒಳ್ಳೆಯ ಉಣ್ಣೆಯ ಪ್ಯಾಡ್ ಒಂದು ಸಾಕು. ಜೀನು ಜಾರುತ್ತದೆ ಅಂತ ಹೊಟ್ಟೆಪಟ್ಟಿಯನ್ನು ಉಸಿರು ಕಟ್ಟುವಷ್ಟು ಬಿಗಿಯಬೇಡ. ಹೊಂದುವ ಜೀನು ಅಷ್ಟು ಬಿಗಿತ ಕೇಳುವುದಿಲ್ಲ.

ಇನ್ನು ನಿನ್ನ ಸರದಿ. ಕುದುರೆಗೆ ಹೊಂದಿ ನಿನಗೆ ಹೊಂದದಿದ್ದರೂ ಎತ್ತು ಏರಿಗೆ, ಕೋಣ ನೀರಿಗೆ ಎಳೆದ ಕಥೆಯೇ. ನೀನು ಹತೋಟಿ ತಪ್ಪಿ ಕುಕ್ಕರಿಸಿದ ಭಾರವನ್ನೂ ಆ ಬೆನ್ನೇ ಹೊರಬೇಕು. ಫೋಟೋದಲ್ಲಿ ನೀನು ಕೂತಿರುವುದು 15 ಇಂಚಿನ ಸೀಟು ಅಂದೆ. ಕಡ್ಡಿ ಹಾಗಿದ್ದೀಯ, ಅದರಲ್ಲಿ ನೀನು ಬಾಣಲೆಯಲ್ಲಿ ಬಿದ್ದ ಒಂದೇ ಬೋಂಡದ ಹಾಗೆ ಕಾಣುತ್ತೀಯ! ಮೊದಲು ಹದಿಮೂರೂವರೆ, ಹದಿನಾಲ್ಕು ಇಂಚಿನದರಲ್ಲಿ ಕೂತು ನೋಡು. ತೊಡೆಗೂ ಮುಂದಿನ ಉಬ್ಬಿಗೂ ನಡುವೆ ಸುಮಾರು 2 ಇಂಚು ಇರಲಿ, ಬ್ಯಾರಲ್ ಓಡಿಸುವವರು ಇನ್ನೂ ಚೂರು ಬಿಗಿ ಇಷ್ಟಪಡುತ್ತಾರೆ. ಸೀಟು ಆಳವಿರಲಿ, ಹಿಂಬದಿ ಎತ್ತರವಿರಲಿ. ಮುಂದೆ ಕೊಂಬಿನ ಹಾಗೆ ಎದ್ದಿರುವ ಹಾರ್ನ್ ತೆಳ್ಳಗೆ, ಉದ್ದಕ್ಕೆ, ನಿನ್ನ ಮುಷ್ಟಿಗೆ ಸಿಗುವ ಹಾಗಿರಲಿ. ತಿರುವಿನಲ್ಲಿ ಒಂದು ಕೈ ಲಗಾಮಿಗೆ, ಹೊರಗಿನ ಕೈ ಹಾರ್ನ್ ಮೇಲೆ. ಆಗ ಅದನ್ನು ಒತ್ತಿ ಆಳಕ್ಕೆ ಕೂರಬೇಕು, ಎಳೆದು ಜೋತುಬೀಳಬಾರದು.

ರಿಕಾಪಿನಲ್ಲಿ ಕಾಲಿಟ್ಟು ಯಾರ ಕೈಲಾದರೂ ಪಕ್ಕದಿಂದ ಫೋಟೋ ತೆಗೆಸು. ಭುಜ, ಸೊಂಟ, ಹಿಮ್ಮಡಿ ಹೆಚ್ಚುಕಡಿಮೆ ಒಂದೇ ಗೆರೆಯಲ್ಲಿ ಬರಬೇಕು. ಕಾಲು ಮುಂದಕ್ಕೋಡಿ ಕುರ್ಚಿಯಲ್ಲಿ ಕೂತ ಹಾಗೆ ಕಂಡರೆ, ಕುದುರೆ ಚಿಮ್ಮಿದಾಗ ನೀನು ಹಿಂದೆ ಉಳಿದುಬಿಡುತ್ತೀಯ. ತೂಕವನ್ನೂ ನೋಡು. ಬ್ಯಾರಲ್ ಜೀನು ಸಾಮಾನ್ಯವಾಗಿ 25 ಪೌಂಡಿನ ಆಸುಪಾಸು ಇರುತ್ತದೆ. ಹಗ್ಗ ಎಸೆದು ಕರು ಹಿಡಿಯುವವರ ಜೀನು 40 ಪೌಂಡ್ ತೂಗಬಹುದು, ಅದು ಬೇರೆಯದೇ ಕೆಲಸಕ್ಕೆ ಹುಟ್ಟಿದ್ದು.

ಶಾರ್ಮೇನ್ ಜೇಮ್ಸ್ ಕಥೆ ನಿನಗೆ ಹೇಳಿದ್ದೆನಾ? 1984ರಲ್ಲಿ, 14ನೇ ವಯಸ್ಸಿಗೆ, ಸ್ಕ್ಯಾಂಪರ್ ಎಂಬ ಕುದುರೆಯ ಮೇಲೆ ಬ್ಯಾರಲ್ ಓಟದ ವಿಶ್ವ ಚಾಂಪಿಯನ್ ಆದವಳು. 1993ರವರೆಗೆ ಸತತ ಹತ್ತು ವರ್ಷ ಆ ಪಟ್ಟವನ್ನು ಯಾರಿಗೂ ಬಿಟ್ಟುಕೊಡಲಿಲ್ಲ. 1985ರ ನ್ಯಾಷನಲ್ ಫೈನಲ್ಸ್ ರೋಡಿಯೋ‌ನಲ್ಲಿ, ಲಾಸ್ ವೇಗಸ್‌ನ ತುಂಬಿದ ಅಂಗಣದಲ್ಲಿ, ಸ್ಕ್ಯಾಂಪರನ ತಲೆಯಿಂದ ಲಗಾಮೇ ಕಳಚಿಬಿತ್ತು. ಆದರೂ ಕುದುರೆ ನಿಲ್ಲಲಿಲ್ಲ, ಮೂರೂ ಬ್ಯಾರಲ್ ಸುತ್ತಿ ಆ ಸುತ್ತನ್ನೇ ಗೆದ್ದಿತು. ಅದನ್ನು ನೆನೆದಾಗಲೆಲ್ಲ ನನಗೆ ಅನ್ನಿಸುತ್ತದೆ, ಕೈಯಲ್ಲಿ ಏನೂ ಉಳಿಯದಿದ್ದಾಗ ಅವರಿಬ್ಬರ ನಡುವೆ ಉಳಿದದ್ದು ಅವಳು ಕೂತ ಭಂಗಿ ಮತ್ತು ಅವನ ಬೆನ್ನು ಮಾತ್ರ. ನಿನಗೂ ನಿನ್ನ ಹುಡುಗಿಗೂ ನಡುವೆ ಮಾತು ನಡೆಯುವುದು ಅಲ್ಲೇ. ಆ ದಾರಿಯಲ್ಲಿ ಮುಳ್ಳಿರಬಾರದು.

ಹಳೇ ಜೀನು ಕೊಳ್ಳುವುದಕ್ಕೆ ನಾನು ಬೇಡ ಅನ್ನುವುದಿಲ್ಲ, ಹದವಾದ ಹಳೇ ಚರ್ಮ ಹೊಸದಕ್ಕಿಂತ ಮೃದು. ಆದರೆ ತಲೆಕೆಳಗು ಮಾಡಿ ನೋಡು, ಕೆಳಗಿನ ಉಣ್ಣೆ ಒಂದೇ ಕಡೆ ಸವೆದಿದೆಯಾ? ಹಾರ್ನನ್ನೂ ಹಿಂಬದಿಯನ್ನೂ ಒಂದಕ್ಕೊಂದು ಒತ್ತಿದಾಗ ನಡುವೆ ಬಾಗಿ ಕಿರುಗುಟ್ಟಿತಾ? ಹಾಗಾದರೆ ಒಳಗೆ ಟ್ರೀ ಮುರಿದಿರಬಹುದು, ಸುಮ್ಮನೆ ಬಿಟ್ಟು ಬಾ. ಹೊಸದಾದರೂ ಹಳೆಯದಾದರೂ ನಾಲ್ಕು ದಿನ ಹಾಕಿ ನೋಡಲು ಕೊಡುತ್ತೀರಾ ಅಂತ ಕೇಳು. ಕೇಳುವುದಕ್ಕೆ ಸಂಕೋಚ ಪಡಬೇಡ. ಬೆವರು ಬರುವ ತನಕ ಓಡಿಸಿ, ಇಳಿಸಿ, ಒಣ ಮಚ್ಚೆ ಇದೆಯಾ ಹುಡುಕು. ಮತ್ತೆ ಆರು ತಿಂಗಳಿಗೊಮ್ಮೆ ಇದನ್ನೆಲ್ಲ ಮೊದಲಿಂದ ನೋಡು. ಓಡಿ ಓಡಿ ಸ್ನಾಯು ತುಂಬಿದರೆ ಬೆನ್ನಿನ ಆಕಾರವೇ ಬದಲಾಗುತ್ತದೆ.

ಶನಿವಾರ ನಾನೇ ಬರುತ್ತಿದ್ದೇನೆ. ನಾಲ್ಕು ಗಂಟೆ ದಾರಿ ತಾನೆ? ಸೀಮೆಸುಣ್ಣ, ಬೆನ್ನಿನ ಅಳತೆ ತೆಗೆಯುವ ಬಾಗುವ ಪಟ್ಟಿ ತರುತ್ತೇನೆ, ಅಮ್ಮ ಕಳಿಸಿದ ಮಿಡಿ ಉಪ್ಪಿನಕಾಯಿಯನ್ನೂ. ಆ ನೀಲಿಕಲ್ಲಿನ ಜೀನು ಅವಳಿಗೆ ಹೊಂದಿದರೆ ನಿನಗಿಂತ ಮೊದಲು ಹಿಗ್ಗುವವಳು ನಾನು. ಹೊಂದದಿದ್ದರೆ ಅಲ್ಲೇ ಬಿಟ್ಟು ಬರೋಣ, ನೀನು ಅಳುವ ಹಾಗಿಲ್ಲ.

ಅಲ್ಲಿಯವರೆಗೆ ಒಂದು ಕೆಲಸ ಮಾಡು. ಇವತ್ತು ರಾತ್ರಿ ಮೇವು ಹಾಕಿದ ಮೇಲೆ ಅವಳ ಭುಜದ ಹಿಂದೆ ಅಂಗೈ ಇಟ್ಟು ಸ್ವಲ್ಪ ಹೊತ್ತು ಹಾಗೇ ನಿಲ್ಲು. ಬಿಸಿ ಇದೆಯಾ, ನಡುಗುತ್ತಾಳಾ, ನಿನ್ನ ಕೈಗೆ ಒರಗುತ್ತಾಳಾ? ಏನು ಸಿಕ್ಕಿತೋ ಅದನ್ನು ನನಗೆ ಬರಿ. ಈ ಸಲ ಜೀನಿನ ಫೋಟೋ ಬೇಡ.

ನಿನ್ನ ಪ್ರೀತಿಯ
ಅಕ್ಕ