ನೀರಿಗಿಳಿಯುವ ಕಾಲಿಗೆ ಯಾವ ಬೂಟು?

ಹಳ್ಳ ದಾಟುವವರು ಮೊದಲು ಮಾಡುವ ಕೆಲಸವೆಂದರೆ ಚಪ್ಪಲಿ ಕಳಚಿ ಕೈಯಲ್ಲಿ ಹಿಡಿಯುವುದು. ಕಾಲು ನೆಂದರೆ ಒಣಗುತ್ತದೆ, ಚಪ್ಪಲಿ ನೆಂದರೆ ಹಾಳಾಗುತ್ತದೆ ಎಂಬುದು ಅದರ ಹಿಂದಿನ ಲೆಕ್ಕ. ಚರ್ಮದ ಚಪ್ಪಲಿಯ ಕಾಲಕ್ಕೆ ಅದು ಸರಿಯಾದ ಲೆಕ್ಕವೇ. ಹೀಗಿರುವಾಗ ನೀರಿಗಿಳಿಯುವುದಕ್ಕೆಂದೇ ಒಂದು ಜೊತೆ ಬೂಟು ಬೇಕು ಎಂದು ಕಾಲೇಜಿಗೆ ಹೋಗುವ ಮಗ ಕೇಳಿದರೆ ಮನೆಯವರು ಬೆಚ್ಚಿಬೀಳದೆ ಇರುತ್ತಾರೆಯೇ?

ಬಸವೇಶ್ವರನಗರದ ಆ ಮನೆಯಲ್ಲಿ ಆದದ್ದೂ ಅದೇ. ಅಪ್ಪ ರಾಜಾಜಿನಗರದ ಕೈಗಾರಿಕಾ ವಸಾಹತಿನ ಒಂದು ಸಣ್ಣ ವರ್ಕ್‌ಶಾಪಿನಲ್ಲಿ ಲೇತ್ ನಡೆಸುವವರು. ಮಗ ಕೆಂಗೇರಿ ಕಡೆಯ ಎಂಜಿನಿಯರಿಂಗ್ ಕಾಲೇಜಿನಲ್ಲಿ ಎರಡನೆಯ ವರ್ಷ. ಅವನ ಸೋದರಮಾವ ಸಕಲೇಶಪುರದ ಆಚೆ ಕಾಫಿ ತೋಟವೊಂದರಲ್ಲಿ ರೈಟರ್. ತೋಟದ ನಡುವೆ ಒಂದು ಹಳ್ಳ. ಪುಕ್ಕ, ದಾರ ಸುತ್ತಿ ಹುಳುವಿನಂತೆ ಕಾಣಿಸುವ ಗಾಳವನ್ನು ಹಗುರವಾಗಿ ಬೀಸಿ ಮೀನು ಹಿಡಿಯುವ ಫ್ಲೈ ಫಿಶಿಂಗ್ ಎಂಬ ವಿದ್ಯೆಯನ್ನು ಹುಡುಗ ಮೊಬೈಲಿನಲ್ಲಿ ನೋಡಿ ನೋಡಿ, ಮನೆಯ ತಾರಸಿಯ ಮೇಲೆ ಬೀಸಿ ಬೀಸಿ ಕಲಿತಿದ್ದ. ಹಿಡಿದ ಮೀನನ್ನು ಮತ್ತೆ ನೀರಿಗೇ ಬಿಡುವ ಆಟ ಅದು. ಆದರೆ ಹಳ್ಳದ ದಡದಲ್ಲಿ ಮರಗಳಿದ್ದರೆ ದಾರ ಕೊಂಬೆಗೆ ಸಿಕ್ಕಿಕೊಳ್ಳುತ್ತದೆ. ಹಾಗಾಗಿ ನೀರಿನೊಳಗೆ ನಿಂತೇ ಬೀಸಬೇಕು. ಅದಕ್ಕೆ ಬೂಟು. ಅವನು ತೋರಿಸಿದ ವಿದೇಶಿ ಬೂಟಿನ ಬೆಲೆಯಲ್ಲಿ ಮನೆಯ ಒಂದು ತಿಂಗಳ ದಿನಸಿ ಬರುತ್ತಿತ್ತು.

‘ಹವಾಯಿ ಚಪ್ಪಲಿ ಸಾಕಲ್ವೇನೋ?’ ಎಂದರು ಅಪ್ಪ.

‘ಚಪ್ಪಲಿಯೂ ಬೇಡ, ಬೂಟೂ ಬೇಡ. ಅವನು ನೀರಿಗೇ ಇಳಿಯಬಾರದು ಅಷ್ಟೇ’ ಎಂದರು ಅಮ್ಮ.

ಅಮ್ಮನ ಮಾತಿಗೆ ಕಾರಣವಿತ್ತು. ಅವರ ಕಾಲೇಜಿನ ದಿನಗಳಲ್ಲಿ ಗೆಳತಿಯ ಅಣ್ಣನೊಬ್ಬ ಸ್ನೇಹಿತರ ಜೊತೆ ನದಿಗೆ ಹೋದವನು ಮರಳಿ ಬರಲಿಲ್ಲ. ಅವನಿಗೆ ಈಜು ಬರುತ್ತಿತ್ತು. ನೀರು ತೊಡೆಯ ಮಟ್ಟಕ್ಕಷ್ಟೇ ಇತ್ತು. ಜಾರಿದಾಗ ಪಾದ ಎರಡು ಕಲ್ಲುಗಳ ಸಂದಿಗೆ ಸಿಕ್ಕಿತು, ಹಿಂದಿನಿಂದ ಬಂದ ಸೆಳೆತ ಅವನನ್ನು ಮುಂದಕ್ಕೆ ಕೆಡವಿತು, ಮತ್ತೆ ಏಳಲಾಗಲಿಲ್ಲ. ಅಂದಿನಿಂದ ಅಮ್ಮನಿಗೆ ಹರಿಯುವ ನೀರೆಂದರೆ ಆಗದು. ಮಗ ಹುಟ್ಟಿದ ಮೇಲೆ ಮುತ್ತತ್ತಿಗೆ ಹೋದಾಗಲೂ ಅವರು ಅವನ ಕೈ ಬಿಟ್ಟಿರಲಿಲ್ಲ.

ಈ ಭಯ ಬರಿಯ ತಾಯಿಕರುಳಿನ ಭಯವಲ್ಲ, ಅದರಲ್ಲಿ ವಿಜ್ಞಾನವೂ ಇದೆ. ಹರಿವಿನ ವೇಗ ಎರಡು ಪಟ್ಟಾದರೆ ಅದು ಕಾಲನ್ನು ತಳ್ಳುವ ಬಲ ನಾಲ್ಕು ಪಟ್ಟಾಗುತ್ತದೆ. ನೀರು ಮೊಣಕಾಲಿನಿಂದ ತೊಡೆಗೆ ಏರಿದರೆ ತಳ್ಳಿಸಿಕೊಳ್ಳುವ ಜಾಗವೂ ಹೆಚ್ಚುತ್ತದೆ. ಮೇಲಾಗಿ ನೀರಿನ ಎತ್ತುವ ಗುಣದಿಂದ ದೇಹ ಹಗುರವಾಗಿ ಪಾದದ ಹಿಡಿತ ಸಡಿಲವಾಗುತ್ತದೆ. ಸೆಳೆತದಲ್ಲಿ ಬಿದ್ದವನು ತಕ್ಷಣ ಎದ್ದು ನಿಲ್ಲಲು ಹೋಗಬಾರದು ಎಂಬುದು ನದಿ ಬಲ್ಲವರ ಮೊದಲ ಪಾಠ. ಅಂಗಾತ ತೇಲಿ, ಪಾದಗಳನ್ನು ಹರಿವಿನ ಮುಂದಕ್ಕೆ ಮೇಲೆತ್ತಿ, ನೀರು ನಿಧಾನವಾದ ಕಡೆ ದಡ ಸೇರಬೇಕು. ಪಾದ ಕಲ್ಲಿಗೆ ಸಿಗುವುದೇ ನಿಲ್ಲಲು ಹೋದಾಗ.

ಕರ್ನಾಟಕಕ್ಕೆ ಗಾಳದ ಆಟ ಹೊಸದಲ್ಲ. ದಕ್ಷಿಣ ಕನ್ನಡದಲ್ಲಿ ಅಧಿಕಾರಿಯಾಗಿದ್ದ ಎಚ್.ಎಸ್. ಥಾಮಸ್ ಎಂಬ ಆಂಗ್ಲರ ‘ದಿ ರಾಡ್ ಇನ್ ಇಂಡಿಯಾ’ ಪುಸ್ತಕ 1873ರಲ್ಲೇ ಮಂಗಳೂರಿನಲ್ಲಿ ಅಚ್ಚಾಗಿತ್ತು. 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಮನೆತನದವರೊಬ್ಬರು ಕಬಿನಿಯಲ್ಲಿ 120 ಪೌಂಡಿನ ಮಹಶೀರ್ ಹಿಡಿದದ್ದು ಇಂದಿಗೂ ಮಾತಿನಲ್ಲಿದೆ. ಮುಂದೆ ಭೀಮೇಶ್ವರಿ, ಗಾಲಿಬೋರೆಗಳ ಗಾಳದ ಶಿಬಿರಗಳಿಗೆ ಪರದೇಶಗಳಿಂದ ಜನ ಬಂದರು. ಅಲ್ಲಿ ಅವರು ಬಹುಮಟ್ಟಿಗೆ ತೆಪ್ಪದಲ್ಲಿ ಕೂತೋ ಬಂಡೆಯ ಮೇಲೆ ನಿಂತೋ ಗಾಳ ಹಾಕುತ್ತಿದ್ದರು. ಮೊಸಳೆಯಿರುವ ಕಾವೇರಿಗೆ ಇಳಿದು ನಿಲ್ಲುವುದು ಜಾಣತನವಲ್ಲ. ಆ ಭಾಗ ವನ್ಯಧಾಮವಾದ್ದರಿಂದ 2012ರ ಸುಮಾರಿಗೆ ಆಟ ನಿಂತಿತು. ಕಾವೇರಿಯ ಆ ದೊಡ್ಡ ಮಹಶೀರ್‌ಗೆ ಸರಿಯಾದ ವೈಜ್ಞಾನಿಕ ಹೆಸರು ಗೊತ್ತಾದದ್ದೇ 2018ರಲ್ಲಿ. ಅದೇ ವರ್ಷ ಅದು ತೀವ್ರ ಅಳಿವಿನಂಚಿನ ಜೀವಿಗಳ ಪಟ್ಟಿಗೂ ಸೇರಿತು. ಹುಡುಗ ಇದನ್ನೆಲ್ಲ ಓದಿಕೊಂಡಿದ್ದ. ಸಣ್ಣ ಹಳ್ಳ, ಸಣ್ಣ ಮೀನು, ಗಾಳದ ಮುಳ್ಳನ್ನು ಇಕ್ಕಳದಿಂದ ಒತ್ತಿ ಚಪ್ಪಟೆ ಮಾಡಿದ ಕೊಕ್ಕೆ, ಇಷ್ಟೇ ಅವನ ಆಸೆ.

‘ನೀರನ್ನೇ ಕಾಣದ ಹುಡುಗ ಒಂದು ದಿನ ಸ್ನೇಹಿತರ ಜೊತೆ ಹೇಳದೆ ಹೋದರೆ ಏನು ಮಾಡ್ತೀಯೆ? ಕಲಿತು ಹೋಗಲಿ’ ಎಂದು ಅಪ್ಪ ರಾತ್ರಿ ನಿಧಾನವಾಗಿ ಹೇಳಿದರು. ಅಮ್ಮ ಉತ್ತರ ಕೊಡಲಿಲ್ಲ. ಬೇಡ ಎನ್ನಲಿಲ್ಲ ಎಂಬುದನ್ನೇ ಒಪ್ಪಿಗೆ ಎಂದುಕೊಂಡು ಅಪ್ಪ ಮಗ ಭಾನುವಾರ ವಿಜಯನಗರದ ಅಂಗಡಿಗಳಿಗೆ ಹೊರಟರು.

ಅಪ್ಪನಿಗೆ ನದಿ ಗೊತ್ತಿರಲಿಲ್ಲ, ಆದರೆ ಜಾರುವ ನೆಲ ಗೊತ್ತಿತ್ತು. ಲೇತಿನ ಕೂಲೆಂಟ್ ಎಣ್ಣೆ ಚೆಲ್ಲಿದ ನೆಲದ ಮೇಲೆ ಮೂವತ್ತು ವರ್ಷ ನಿಂತವರು ಅವರು. ಹವಾಯಿ ಚಪ್ಪಲಿಯನ್ನು ಅವರೇ ಮೊದಲು ತಳ್ಳಿಹಾಕಿದರು. ಹಿಮ್ಮಡಿಗೆ ಕಟ್ಟಿಲ್ಲದ್ದು ಹರಿವಿಗೆ ಸಿಕ್ಕರೆ ಮೊದಲು ಹೋಗುವುದು ಚಪ್ಪಲಿ, ಅದನ್ನು ಹಿಡಿಯಲು ಹೋಗುವವನು ಆಮೇಲೆ. ಗಮ್‌ಬೂಟ್ ಕೆಸರಿಗೆ ಒಳ್ಳೆಯದು. ಆದರೆ ಮೇಲಿನಿಂದ ನೀರು ನುಗ್ಗಿದರೆ ಕಾಲೆತ್ತಿ ದಡ ಹತ್ತುವಾಗ ಭಾರ, ಒಳಗೆ ಪಾದವೂ ಸಡಿಲ. ಓಟದ ಶೂ ಹಗುರ. ಆದರೆ ಅದರ ಮೆತ್ತನೆಯ ಮೇಲ್ಭಾಗ ಬೆರಳನ್ನು ಕಲ್ಲಿನಿಂದ ಕಾಪಾಡದು. ಕೊನೆಗೆ ಆರಿಸಿದ್ದು ಕಣಕಾಲು ಮುಚ್ಚುವ, ಗಟ್ಟಿ ಮೂತಿಯ ಕ್ಯಾನ್ವಾಸಿನ ಹಂಟರ್ ಶೂ. ಕಾಲುಚೀಲಕ್ಕೆ ಜಾಗವಿರಲೆಂದು ಒಂದು ಅಳತೆ ದೊಡ್ಡದು.

ಉಳಿದದ್ದು ಅಟ್ಟೆ. ಹಳ್ಳದ ಕಲ್ಲಿನ ಮೇಲೆ ಪಾಚಿಯ ಲೋಳೆ ಇರುತ್ತದೆ. ರಬ್ಬರು ಆ ಲೋಳೆಯ ಮೇಲೆಯೇ ಕೂತು ಜಾರುತ್ತದೆ. ಉಣ್ಣೆಯ ಫೆಲ್ಟ್ ಆದರೆ ಅದರ ಎಳೆಗಳು ಲೋಳೆಯನ್ನು ದಾಟಿ ಕಲ್ಲನ್ನು ಮುಟ್ಟುತ್ತವೆ. ಜಪಾನಿನಲ್ಲಿ ಹಳ್ಳದ ಬಂಡೆ ಹತ್ತುವವರು ಹಿಂದೆ ಹುಲ್ಲಿನ ಚಪ್ಪಲಿ ಕಟ್ಟಿಕೊಳ್ಳುತ್ತಿದ್ದುದೂ ಇದೇ ಕಾರಣಕ್ಕೆ. ಮಗ ಇದನ್ನು ಹೇಳಿದಾಗ ಅಪ್ಪನ ಮುಖ ಅರಳಿತು. ‘ಅಯ್ಯೋ, ಪಾಲಿಶ್ ಹೊಡೆಯೋ ಫೆಲ್ಟ್ ತಾನೇ! ನಮ್ಮ ಶಾಪಿನಲ್ಲೇ ಚಕ್ರ ಇದೆಯಲ್ಲೋ.’

ಅರ್ಧ ಅಂಗುಲ ದಪ್ಪದ ಫೆಲ್ಟ್ ಹಾಳೆ ಬಂತು. ರಾಜಾಜಿನಗರದ ಮೂಲೆಯಲ್ಲಿ ಚಪ್ಪಲಿ ಹೊಲಿಯುವ ಹಿರಿಯರು ಶೂವಿನ ಅಟ್ಟೆಯನ್ನು ಅರದಿಂದ ಉಜ್ಜಿ, ಎರಡೂ ಕಡೆ ಸೊಲ್ಯೂಷನ್ ಹಚ್ಚಿ ಆರಲು ಬಿಟ್ಟು, ಒತ್ತಿ ಅಂಟಿಸಿ, ಸುತ್ತಲೂ ಹೊಲಿಗೆ ಹಾಕಿಕೊಟ್ಟರು. ‘ನೀರಿಗೆ ಹೋಗೋ ಶೂ ಅಂತೀರಿ, ನೀರು ಹೊರಗೆ ಹೋಗೋಕೆ ದಾರಿ ಎಲ್ಲಿ ಸ್ವಾಮಿ?’ ಎಂದು ಕೇಳಿದವರೂ ಅವರೇ. ಪಾದದ ಒಳಬದಿಯಲ್ಲಿ ಎರಡೆರಡು ಹಿತ್ತಾಳೆ ಕಣ್ಣು ಕೂತವು.

ಪರೀಕ್ಷೆ ಎಲ್ಲಿ? ಕಾಲೇಜಿನ ದಾರಿಯಲ್ಲೇ ವೃಷಭಾವತಿ ಹರಿಯುತ್ತದಲ್ಲ ಎಂದು ಹುಡುಗ ತಮಾಷೆ ಮಾಡಿದ. ‘ಅಲ್ಲಿಗಿಳಿಯೋಕೆ ಯಾವ ದೇಶದ ಬೂಟೂ ಸಾಲದು’ ಎಂದರು ಅಪ್ಪ. ಆ ನೊರೆಯ ನೀರು ಅರ್ಕಾವತಿಯನ್ನು ಸೇರಿ, ಸಂಗಮದಲ್ಲಿ ಕಾವೇರಿಯನ್ನೇ ಕೂಡುತ್ತದೆ ಎಂಬುದು ತಮಾಷೆಯ ಮಾತಲ್ಲ. ಕೊನೆಗೆ ಮಳೆಯಲ್ಲಿ ಪಾಚಿಗಟ್ಟಿದ ಹಿತ್ತಲಿನ ಒಗೆಯುವ ಕಲ್ಲೇ ಪ್ರಯೋಗಶಾಲೆಯಾಯಿತು. ಅಪ್ಪನ ಕೈ ಹಿಡಿದು ನಿಂತ ಹುಡುಗನ ರಬ್ಬರಿನ ಕಾಲು ಸರ್ರನೆ ಜಾರಿತು. ಫೆಲ್ಟಿನ ಕಾಲು ನಿಂತಿತು. ಆದರೆ ಅದೇ ಫೆಲ್ಟ್ ಒದ್ದೆ ಹುಲ್ಲು, ಕೆಸರಿನ ಮೇಲೆ ಜಾರುತ್ತದೆ ಎಂಬುದೂ ತಿಳಿಯಿತು. ದಡದ ಇಳಿಜಾರಿಗೆ ಕೋಲು ಬೇಕೇ ಬೇಕು.

ಫೆಲ್ಟಿಗೆ ಇನ್ನೊಂದು ದೋಷವಿದೆ. ಅದು ನೀರನ್ನೂ, ನೀರಿನ ಸೂಕ್ಷ್ಮಜೀವಿಗಳನ್ನೂ ಹೀರಿಟ್ಟುಕೊಳ್ಳುತ್ತದೆ. 2004ರಲ್ಲಿ ನ್ಯೂಜಿಲೆಂಡಿನ ಹೊಳೆಗಳಲ್ಲಿ ಡಿಡಿಮೊ ಎಂಬ ಪಾಚಿ ಕಾಣಿಸಿಕೊಂಡು ಕಲ್ಲುಗಳ ಮೇಲೆ ಕಂಬಳಿಯಂತೆ ಹಬ್ಬಿತು. ಒಂದು ಹೊಳೆಯಿಂದ ಇನ್ನೊಂದಕ್ಕೆ ಅದನ್ನು ಹೊರಬಲ್ಲವೆಂದು 2008ರಲ್ಲಿ ಅಲ್ಲಿ ಫೆಲ್ಟ್ ಅಟ್ಟೆಯನ್ನೇ ನಿಷೇಧಿಸಿದರು. ಆದ್ದರಿಂದ ಅಪ್ಪ ಮಗನ ನಡುವೆ ಒಪ್ಪಂದವಾಯಿತು: ಈ ಶೂ ಮಾವನ ಹಳ್ಳಕ್ಕೆ ಮಾತ್ರ. ಬಂದ ಕೂಡಲೇ ಉಜ್ಜಿ ತೊಳೆದು, ಪೂರ್ತಿ ಒಣಗಿದ ಮೇಲೂ ಇನ್ನೆರಡು ದಿನ ತಾರಸಿಯ ಬಿಸಿಲಿಗಿಡಬೇಕು.

ಅಮ್ಮ ಕೊನೆಗೆ ತಮ್ಮ ಕರಾರು ಹೇಳಿದರು. ಮಳೆಗಾಲದಲ್ಲಿ ಇಲ್ಲ, ನೀರು ಇಳಿದು ತಿಳಿಯಾದ ಡಿಸೆಂಬರಿನಲ್ಲಿ. ಒಬ್ಬನೇ ಅಲ್ಲ, ಮಾವ ದಡದಲ್ಲಿರಬೇಕು. ಕೋಲನ್ನು ಹರಿವು ಬರುವ ಕಡೆಗೆ ಊರಿ, ಒಂದು ಕಾಲು ಗಟ್ಟಿಯಾದ ಮೇಲೆ ಇನ್ನೊಂದನ್ನು ಸರಿಸಬೇಕು. ‘ನೀರು ಮೊಣಕಾಲಿಗೆ ಬಂತೋ, ಹಿಂದಕ್ಕೆ ಬರಬೇಕು. ಶೂ ಎಷ್ಟೇ ಗಟ್ಟಿ ಇರಲಿ ಕಣೋ.’ ಇದು ಅವರು ತಾವಾಗಿಯೇ ಮೊಬೈಲಿನಲ್ಲಿ ಹುಡುಕಿ ಓದಿ ಬರೆದುಕೊಂಡಿದ್ದ ಪಟ್ಟಿ ಎಂದು ತಿಳಿದಾಗ ಹುಡುಗನಿಗೆ ನಗು ಬರಲಿಲ್ಲ.

ಡಿಸೆಂಬರಿನಲ್ಲಿ ಎರಡು ದಿನ ಅವನು ಹಳ್ಳದಲ್ಲಿ ನಿಂತ. ಬೆರಳುದ್ದದ ನಾಲ್ಕು ಮೀನು ಸಿಕ್ಕವು, ನಾಲ್ಕೂ ನೀರಿಗೆ ಹೋದವು. ದೊಡ್ಡ ಮೀನು ಎದ್ದು ಬಿದ್ದು ಆಡುತ್ತಿದ್ದದ್ದು ಬಂಡೆಯ ಆಚೆಯ ಮಡುವಿನಲ್ಲಿ. ಹತ್ತು ಹೆಜ್ಜೆ ಮುಂದೆ ಹೋದರೆ ಗಾಳ ಅಲ್ಲಿಗೆ ಮುಟ್ಟುತ್ತಿತ್ತು. ಶೂ ಜಾರುತ್ತಲೂ ಇರಲಿಲ್ಲ. ನಾಲ್ಕನೆಯ ಹೆಜ್ಜೆಗೆ ನೀರು ಮೊಣಕಾಲು ಮುಟ್ಟಿತು. ಅವನು ನಿಂತ, ನೋಡಿದ, ತಿರುಗಿ ಬಂದ.

ಮನೆಗೆ ಬಂದಾಗ ಅಪ್ಪ ಮೊದಲು ತಿರುಗಿಸಿ ನೋಡಿದ್ದು ಶೂವಿನ ಅಟ್ಟೆಯನ್ನು. ಅಂಟು ಬಿಟ್ಟಿರಲಿಲ್ಲ. ಅಮ್ಮ ಶೂ ಕಡೆ ನೋಡಲಿಲ್ಲ. ಒಗೆಯಲು ಹಾಕಿದ್ದ ಪ್ಯಾಂಟನ್ನು ಎತ್ತಿ ಬೆಳಕಿಗೆ ಹಿಡಿದರು. ಹಳ್ಳದ ನೀರಿನ ಕಲೆ ಮೊಣಕಾಲಿಗೆ ಬಂದು ನಿಂತಿತ್ತು. ಅವರು ಪ್ಯಾಂಟನ್ನು ಬಕೆಟ್ಟಿಗೆ ಹಾಕಿ, ‘ಮುಂದಿನ ಸಲ ಯಾವಾಗ ಹೋಗ್ತೀಯೋ?’ ಎಂದು ಕೇಳಿದರು.