ಉಳ್ಳಾರ್ತಿ ಕಾವಲಿನ ಬಯಲಿನಲ್ಲಿ ಒಂದು ಪಾರ್ಕಿಂಗ್ ವ್ಯಾಜ್ಯ

ಬೆಂಗಳೂರಿನಿಂದ ಹಿರಿಯೂರಿನವರೆಗೆ ಪುಣೆಯ ಹೆದ್ದಾರಿ. ಅಲ್ಲಿಂದ ಬಳ್ಳಾರಿಯ ಕಡೆಗೆ ಹೊರಳಿದರೆ ಚಳ್ಳಕೆರೆ. ಸುಮಾರು 200 ಕಿಲೋಮೀಟರುಗಳ ಹಾದಿ. ಕಡಲೆಕಾಯಿ ಎಣ್ಣೆಗೂ ಕುರಿಯ ಕಂಬಳಿಗೂ ಹೆಸರಾದ ಈ ಪಟ್ಟಣವನ್ನು ಬಿಟ್ಟು ಹೊರಬಿದ್ದೊಡನೆ ನೆಲ ಬರಿದಾಗುತ್ತದೆ, ಆಕಾಶ ಹಿಗ್ಗುತ್ತದೆ. ರಾಜ್ಯದಲ್ಲಿಯೇ ಅತಿ ಕಡಿಮೆ ಮಳೆ ಕಾಣುವ ತಾಲ್ಲೂಕುಗಳಲ್ಲಿ ಇದೂ ಒಂದು. ಆದರೂ ಇದನ್ನು ಬೆಂಗಾಡೆಂದು ಕರೆಯುವವರು ಹುಲ್ಲನ್ನು ಕಂಡವರಲ್ಲ. ಒಂದೆರಡು ಹದಮಳೆಯಾದರೆ ಸಾಕು, ಮೊಣಕಾಲೆತ್ತರದ ಹುಲ್ಲು ಗಾಳಿಗೆ ತೂಗಾಡುತ್ತದೆ. ಅದೃಷ್ಟವಿದ್ದರೆ ಕೃಷ್ಣಮೃಗಗಳೂ ಕಣ್ಣಿಗೆ ಬೀಳುತ್ತವೆ. ಉಳ್ಳಾರ್ತಿ ಕಾವಲು ಈ ಬಯಲಿನ ಒಂದು ಭಾಗ.

ರಸ್ತೆಯ ಮಗ್ಗುಲಿಗೆ ಕಾರನ್ನು ನಿಲ್ಲಿಸಿ ಇಳಿದೆವು. ಚೀಟಿ ಹರಿದು ಕೊಡಲು ಯಾರೂ ಓಡಿಬರಲಿಲ್ಲ. ಸಂಗಡ ಬಂದಿದ್ದ ಮಿತ್ರರಿಗೆ ಆ ದಿನದ ಮೊದಲ ವಿಸ್ಮಯ ಅದೇ! ಅವರ ಮನಸ್ಸು ಇನ್ನೂ ನಗರದ ಒಂದು ಮಾಲ್‌ನ ನೆಲಮಾಳಿಗೆಯಲ್ಲಿಯೇ ಇತ್ತು. ಹಿಂದಿನ ವಾರ ಅಲ್ಲಿ ಕಾರಿನ ಬೀಗದ ಕೈಯನ್ನು ಗುತ್ತಿಗೆದಾರನ ಆಳಿಗೆ ಒಪ್ಪಿಸಿದ್ದರು. ಹಿಂದಿರುಗುವಾಗ ಚೀಟಿ ಸಿಗಲಿಲ್ಲ. ಇಡೀ ದಿನದ ಬಾಡಿಗೆಯ ಮೇಲೆ 500 ರೂಪಾಯಿ ದಂಡವನ್ನೂ ತೆತ್ತು ಕಾರನ್ನು ಬಿಡಿಸಿಕೊಂಡರೆ, ಬಾಗಿಲಿನ ಮೇಲೆ ಒಂದು ಮೊಳದುದ್ದದ ಗೀರು. ಕೇಳಿದ್ದಕ್ಕೆ ಆಳು ಬಾಯಿ ಬಿಡದೆ ಗೋಡೆಯ ಮೇಲಿನ ಫಲಕದತ್ತ ಬೆರಳು ತೋರಿಸಿದನಂತೆ. ವಾಹನಗಳಿಗೆ ಮಾಲೀಕರೇ ಹೊಣೆ ಎಂದು ಅದರಲ್ಲಿ ಬರೆದಿತ್ತು.

ಈ ಕಥೆಯನ್ನು ಅವರು ಹಾದಿಯುದ್ದಕ್ಕೂ ಮೂರು ಸಲ ಹೇಳಿದ್ದರು. ನಾಲ್ಕನೆಯ ಸಲ ಕೇಳಿದವರು, ಹೆಗಲ ಮೇಲೆ ಕಂಬಳಿ ಹೊದ್ದು ಕುರಿ ಮೇಯಿಸುತ್ತಿದ್ದ ಒಬ್ಬ ಹಿರಿಯರು.

“ದುಡ್ಡು ಇಸ್ಕಂಡೋನು ಕಾಯ್ಬೇಕಲ್ಲ ಸ್ವಾಮಿ? ಕಾಯ್ದೆ ಹೋದ್ರೆ ದುಡ್ಡು ಯಾತಕ್ಕೆ?” ಎಂದರು ಅವರು.

“ಅದನ್ನೇ ನಾನೂ ಕೇಳಿದ್ದು ಯಜಮಾನರೇ!” ಎಂದರು ಮಿತ್ರರು, ತಮ್ಮ ಪಕ್ಷಕ್ಕೆ ಒಬ್ಬ ವಕೀಲರು ಸಿಕ್ಕಿದಷ್ಟು ಸಂತೋಷದಿಂದ.

ಆ ಮಾತು ಅಲ್ಲಿ ಹುಟ್ಟಿದ್ದು ಸಹಜವೇ. ಕಾವಲು ಎಂದರೆ ಕಾಯ್ದ ಹುಲ್ಲುಗಾವಲು. 17ನೆಯ ಶತಮಾನದ ಕೊನೆಯಲ್ಲಿ ಮೈಸೂರಿನ ಚಿಕ್ಕದೇವರಾಜ ಒಡೆಯರು ಅರಮನೆಯ ದನಗಳಿಗಾಗಿ ‘ಬೆಣ್ಣೆ ಚಾವಡಿ’ಯನ್ನು ಏರ್ಪಡಿಸಿ, ನಾಡಿನ ನಾನಾ ಕಡೆ ಕಾವಲುಗಳನ್ನು ಮೀಸಲಿಟ್ಟರು. ಹೈದರಾಲಿಯ ಕಾಲದಲ್ಲಿ ಅವು ಬೆಳೆದವು; ಟಿಪ್ಪೂ ಸುಲ್ತಾನ ಇಲಾಖೆಗೆ ‘ಅಮೃತಮಹಲ್’ ಎಂದು ಹೆಸರಿಟ್ಟ. ಫಿರಂಗಿಗಳನ್ನೆಳೆದು ದಿನಕ್ಕೆ ಹರದಾರಿಗಟ್ಟಲೆ ಸಾಗುತ್ತಿದ್ದ ಎತ್ತುಗಳು ಈ ಹುಲ್ಲು ತಿಂದು ಬೆಳೆದವು. ಅರಮನೆಯ ದನಗಳು ಹೋದರೂ ಸುತ್ತಲಿನ ಹಳ್ಳಿಗಳ ಕುರಿ ದನಗಳಿಗೆ ಹುಲ್ಲು ಉಳಿಯಿತು. ಮ್ಯಾಸನಾಯಕರ ದೇವರ ಎತ್ತುಗಳೂ, ಅವನ್ನು ಕಾಯುವ ಕಿಲಾರಿಗಳೂ ಈ ಸೀಮೆಯವರೇ.

2007ರಿಂದ 2010ರವರೆಗಿನ ಅವಧಿಯಲ್ಲಿ ಉಳ್ಳಾರ್ತಿ, ಕುದಾಪುರ, ವರವು ಕಾವಲುಗಳ ಸಾವಿರಾರು ಎಕರೆ ನೆಲ ವಿಜ್ಞಾನ ಮತ್ತು ರಕ್ಷಣಾ ಸಂಸ್ಥೆಗಳಿಗೆ ಮಂಜೂರಾಯಿತು. ಗೋಡೆಗಳೆದ್ದವು. ವ್ಯಾಜ್ಯ ಹಸಿರು ನ್ಯಾಯಮಂಡಳಿಗೆ ಹೋಗಿ 2014ರಲ್ಲಿ ತೀರ್ಪಾಯಿತು; ಯೋಜನೆಗಳು ಮುಂದುವರಿದವು. ಚಳ್ಳಕೆರೆಯ ವೈಮಾನಿಕ ಪರೀಕ್ಷಾ ವಲಯದಲ್ಲಿ 2023ರ ಏಪ್ರಿಲ್ 2ರಂದು ಇಸ್ರೋದ ರೆಕ್ಕೆಯ ನೌಕೆ ತಾನಾಗಿಯೇ ಓಡುದಾರಿಗಿಳಿಯಿತು. ಹೆಮ್ಮೆಯ ಸಂಗತಿಯೇ. ಆದರೆ ನಮ್ಮೊಡನೆ ಮಾತನಾಡಿದ ಹಿರಿಯರ ಕುರಿಗಳು ಈಗ ಗೋಡೆಯನ್ನು ಸುತ್ತಿ ಹೋಗಬೇಕು. ಮಿತ್ರರ 500 ರೂಪಾಯಿಯ ಅಳಲು ಆ ಗೋಡೆಯ ಮುಂದೆ ಕೊಂಚ ಸಣ್ಣದಾಗಿಯೇ ಕಂಡಿತೆನ್ನಬೇಕು.

ಕುರಿಗಾಹಿಗಳಿಗೆ ಬಂದೀದೊಡ್ಡಿ ಹೊಸತಲ್ಲ. ಪರರ ಹೊಲಕ್ಕೆ ನುಗ್ಗಿದ ದನವನ್ನು ಹಿಡಿದು ಕೂಡಿಹಾಕುವ ಆ ಪದ್ಧತಿಗೆ ಬ್ರಿಟಿಷರು 1871ರಲ್ಲಿಯೇ ಒಂದು ಕಾಯಿದೆ ಮಾಡಿದ್ದರು. ಅದನ್ನು ಓದಿದರೆ ಇಂದಿನ ಪಾರ್ಕಿಂಗ್ ಗುತ್ತಿಗೆದಾರರು ನಾಚಬೇಕು. ದೊಡ್ಡಿಯವನು ದನ ಬಂದ ದಿನ, ಗಂಟೆ, ಸಂಖ್ಯೆ, ಚಹರೆಗಳನ್ನು ಪುಸ್ತಕದಲ್ಲಿ ಬರೆಯಬೇಕು. ಮೇವು ನೀರು ಹಾಕಬೇಕು. ದಂಡದ ದರಪಟ್ಟಿಯನ್ನು ದೊಡ್ಡಿಯ ಬಳಿ ಎಲ್ಲರಿಗೂ ಕಾಣುವಂತೆ ತೂಗುಹಾಕಬೇಕು. ಅನ್ಯಾಯವಾಗಿ ಹಿಡಿದರೆಂದು ತೋರಿದರೆ ದನದ ಒಡೆಯ 10 ದಿನಗಳೊಳಗೆ ಮ್ಯಾಜಿಸ್ಟ್ರೇಟರ ಬಳಿ ದೂರಬಹುದಾಗಿತ್ತು. ದೂರು ನಿಜವಾದರೆ ತೆತ್ತ ದಂಡ ವಾಪಸು, ಮೇಲೆ 100 ರೂಪಾಯಿಗಳವರೆಗೆ ಪರಿಹಾರ. ಮೂಕಪ್ರಾಣಿಗೆ ಇಷ್ಟು ವ್ಯವಸ್ಥೆ! ಕರ್ನಾಟಕಕ್ಕೆ 1966ರಲ್ಲಿ ಇದೇ ವಿಷಯಕ್ಕೆ ತನ್ನದೇ ಕಾಯಿದೆ ಬಂತು.

ಕಾರಿನ ಒಡೆಯನೂ ನಿರ್ಗತಿಕನಲ್ಲ, ದಾರಿ ತಿಳಿದಿರಬೇಕು ಅಷ್ಟೆ. 1872ರ ಕರಾರು ಕಾಯಿದೆಯ ಪ್ರಕಾರ, ಒಬ್ಬರ ವಸ್ತುವನ್ನು ತನ್ನ ವಶಕ್ಕೆ ಪಡೆದವನು ಅದನ್ನು ವಿವೇಕಿಯಾದವನು ತನ್ನ ಸ್ವಂತ ವಸ್ತುವನ್ನು ನೋಡಿಕೊಳ್ಳುವಷ್ಟು ಎಚ್ಚರದಿಂದ ನೋಡಿಕೊಳ್ಳಬೇಕು. ಬೀಗದ ಕೈಯನ್ನು ಕೊಟ್ಟೆವೋ ಇಲ್ಲವೋ ಎಂಬುದು ಇಲ್ಲಿ ಬಹು ಮುಖ್ಯ. ನಾವೇ ನಿಲ್ಲಿಸಿ ಕೈಯನ್ನು ಜೇಬಿಗಿಳಿಸಿದರೆ ಅದು ಬರಿಯ ಜಾಗದ ಬಾಡಿಗೆ ಎಂದು ಎದುರು ಪಕ್ಷ ವಾದಿಸಬಹುದು. 1998ರಲ್ಲಿ ದೆಹಲಿಯ ತಾಜ್ ಮಹಲ್ ಹೋಟೆಲಿನ ಆಳಿಗೆ ಒಪ್ಪಿಸಿದ್ದ ಮಾರುತಿ ಕಾರೊಂದು ಕಳುವಾಯಿತು. ಆ ಮೊಕದ್ದಮೆ 2019ರ ನವೆಂಬರ್ 14ರಂದು ಸುಪ್ರೀಂ ಕೋರ್ಟಿನಲ್ಲಿ ಮುಗಿಯಿತು. ಹಾಗೆ ಒಪ್ಪಿಸಿಕೊಂಡ ಮೇಲೆ, ಮಾಲೀಕರೇ ಹೊಣೆ ಎಂದು ಚೀಟಿಯಲ್ಲಿ ಅಚ್ಚು ಹಾಕಿಸಿದ ಮಾತ್ರಕ್ಕೆ ತನ್ನ ಕಡೆಯ ಅಲಕ್ಷ್ಯದಿಂದ ಹೋಟೆಲು ಪಾರಾಗದು ಎಂದಿತು ನ್ಯಾಯಾಲಯ. ಇಪ್ಪತ್ತೊಂದು ವರ್ಷ! ಕಾರಿನ ಆಯುಸ್ಸಿಗಿಂತ ಹೆಚ್ಚು.

ಇನ್ನು ದಂಡ. ಅದೇ ಕರಾರು ಕಾಯಿದೆಯ 74ನೆಯ ಕಲಮಿನಂತೆ, ಒಪ್ಪಂದದಲ್ಲಿ ಎಷ್ಟೇ ದಂಡ ಬರೆದಿರಲಿ, ಅದರೊಳಗೆ ನ್ಯಾಯವೆನಿಸುವಷ್ಟು ಪರಿಹಾರ ಮಾತ್ರ ಸಲ್ಲುತ್ತದೆ. ಚೀಟಿ ಕಳೆದವರ ಗುರುತು, ಕಾರಿನ ಪತ್ರಗಳನ್ನು ಪರಿಶೀಲಿಸುವುದು ಸರಿಯೇ. ಆದರೆ ಒಂದು ತುಂಡು ಕಾಗದಕ್ಕೆ 500 ರೂಪಾಯಿ ನಷ್ಟವಾಯಿತೆಂದು ಯಾರು ನಂಬುತ್ತಾರೆ? ತೆಲಂಗಾಣದಲ್ಲಿ 2018ರ ಆದೇಶದಂತೆ ಮಾಲ್‌ಗಳಲ್ಲಿ ಮೊದಲ 30 ನಿಮಿಷ ಪುಕ್ಕಟೆಯಾಯಿತು. ಅದು ನೆರೆಯವರ ಆದೇಶ. ನಮ್ಮಲ್ಲಿ ಅದನ್ನು ಹಿಡಿದು ಜಗಳವಾಡಿ ಫಲವಿಲ್ಲ.

ಜಗಳಕ್ಕಿಂತ ರಸೀತಿ ಮೇಲು. ಹಣ ತೆರಲೇಬೇಕಾಗಿ ಬಂದರೆ ಆಕ್ಷೇಪವಿದೆಯೆಂದು ಬರೆದು ತೆತ್ತು, ದರದ ಫಲಕದ ಮತ್ತು ಗೀರಿನ ಚಿತ್ರಗಳನ್ನು ಅಲ್ಲಿಯೇ ತೆಗೆದುಕೊಳ್ಳಬೇಕು. ಬಳಿಕ ಗುತ್ತಿಗೆದಾರನಿಗೂ ಕಟ್ಟಡದ ಒಡೆಯರಿಗೂ ಪತ್ರ. ಉತ್ತರ ಬಾರದಿದ್ದರೆ ಗ್ರಾಹಕರ ಸಹಾಯವಾಣಿ 1915 ಇದೆ. ಅದಕ್ಕೂ ಬಗ್ಗದಿದ್ದರೆ ಜಿಲ್ಲಾ ಗ್ರಾಹಕರ ಆಯೋಗ. 2019ರ ಕಾಯಿದೆಯಂತೆ ನಾವು ವಾಸಿಸುವ ಜಿಲ್ಲೆಯಲ್ಲಿಯೇ, ಎರಡು ವರ್ಷಗಳೊಳಗೆ ದೂರು ಕೊಡಬಹುದು. ಇಂಥ ಸಣ್ಣ ವ್ಯಾಜ್ಯಗಳಿಗೆ ಶುಲ್ಕವಿಲ್ಲ, ವಕೀಲರೂ ಕಡ್ಡಾಯವಲ್ಲ.

ಬಿಸಿಲು ಏರಿತು. ಹಿರಿಯರು ಕುರಿಗಳನ್ನು ಹೊರಳಿಸಿಕೊಂಡು ಗೋಡೆಯ ಗುಂಟ ನಡೆದರು. ನಾವು ನಾಯಕನಹಟ್ಟಿಗೆ ಹೋಗಿ ತಿಪ್ಪೇರುದ್ರಸ್ವಾಮಿಯ ದರ್ಶನ ಮಾಡಿ, ರಾತ್ರಿಯ ಹೊತ್ತಿಗೆ ಬೆಂಗಳೂರು ಸೇರಿದೆವು. ಮಿತ್ರರು ಮರುದಿನವೇ ಎರಡು ಪತ್ರಗಳನ್ನು ಬರೆದರು. ಮೂರನೆಯ ವಾರದಲ್ಲಿ ದಂಡದ 500 ರೂಪಾಯಿ ಹಿಂದಿರುಗಿತು. ಗೀರಿನ ವಿಷಯ ಮಾತ್ರ ಇನ್ನೂ ಇತ್ಯರ್ಥವಾಗಿಲ್ಲ.