ಸೌಟಿನಲ್ಲಿ ಉಜ್ಜಿದ ಕಂಬಳಿ

ಹಿರಿಯೂರಿನ ತೇರುಮಲ್ಲೇಶ್ವರನಿಗೆ ಕೈಮುಗಿದವರು ಹಾಗೇ ಹೊರಟುಬಿಡಬಾರದು. ಮುಖಮಂಟಪದಲ್ಲಿ ನಿಂತು ಕತ್ತೆತ್ತಿ ನೋಡಬೇಕು. ಚಾವಣಿಯಲ್ಲಿ ಪುರಾಣದ ಚಿತ್ರಗಳಿವೆ. ನಮ್ಮ ಸೀಮೆಯ ಹಳೆಯ ಚಿತ್ರಶಾಲೆ ಅಂತ ನಾನು ಕರೆಯುವುದು ಅದನ್ನೇ. ಅದೇ ತಾಲ್ಲೂಕಿನ ಹರ್ತಿಕೋಟೆಯಲ್ಲಿ 1922ರಲ್ಲಿ ಹುಟ್ಟಿದ ಪಿ. ಆರ್. ತಿಪ್ಪೇಸ್ವಾಮಿಯವರು ನಾಡಿನ ದೊಡ್ಡ ಚಿತ್ರಕಾರರಾದರು. ನನಗೆ ಅವರ ಮೇಲಿನ ಅಭಿಮಾನ ಇನ್ನೊಂದು ಕಾರಣಕ್ಕೆ. ಮೈಸೂರಿನ ಜಯಲಕ್ಷ್ಮೀವಿಲಾಸದ ಜಾನಪದ ವಸ್ತುಸಂಗ್ರಹಾಲಯ ಕಟ್ಟಲು ಹಳ್ಳಿ ಹಳ್ಳಿ ಸುತ್ತಿ ಸಾಮಾನು ಹುಡುಕಿ ತಂದವರಲ್ಲಿ ಅವರೂ ಒಬ್ಬರು. ಅಟ್ಟದ ಮೇಲೆ ಧೂಳು ತಿನ್ನುತ್ತಿದ್ದ ವಸ್ತುವಿಗೂ ಕಲೆಯ ಮರ್ಯಾದೆ ಕೊಟ್ಟ ಕಣ್ಣು ಅದು.

ಆ ಕಣ್ಣಿನಿಂದ ನೋಡಿದರೆ ಚಿತ್ರದುರ್ಗದ ಕಡೆ ಕಂಬಳಿಗಿಂತ ದೊಡ್ಡ ಬಟ್ಟೆಕಲೆ ಯಾವುದಿದೆ? ಮೊಳಕಾಲ್ಮೂರಿನ ರೇಷ್ಮೆ ಸೀರೆಗೆ ಜಿಐ ಮಾನ್ಯತೆ ಬಂದಿದೆ, ಸಂತೋಷವೇ. ಕಂಬಳಿ ಮಾತ್ರ ಇನ್ನೂ ಹೆಗಲ ಮೇಲೇ ಇದೆ. ಕುರಿಯ ತುಪ್ಪಟ ಕತ್ತರಿಸಿ, ಹಿಂಜಿ, ಹೆಂಗಸರು ನೂತು, ಹುಣಸೆಬೀಜದ ಸರಿ ಬಳಿದು ನೆಯ್ದದ್ದು ಅದು. ಹಾಲುಮತದವರಲ್ಲಾಗಲಿ ಕಾಡುಗೊಲ್ಲರಲ್ಲಾಗಲಿ ಕಂಬಳಿ ಗದ್ದಿಗೆ ಹಾಕಿದ ಮೇಲೆಯೇ ದೇವರ ಕಾರ್ಯ.

ಇದರ ಅಚ್ಚು ತೆಗೆದರೆ ಹೇಗಿರುತ್ತದೆ ಅನ್ನುವ ಹುಚ್ಚು ಹಿಡಿದದ್ದು ಹೊಳಲ್ಕೆರೆಯಲ್ಲಿ ಒಂದಿಷ್ಟು ಹೆಂಗಸರಿಗೆ ಚಿತ್ರ ಹೇಳಿಕೊಡುತ್ತಿದ್ದಾಗ. ಬೆಂಗಳೂರಿನ ಚಿತ್ರಕಲಾ ಪರಿಷತ್ತಿನಲ್ಲಿರುವಂಥ ಪ್ರೆಸ್ಸು ನಮಗೆಲ್ಲಿಂದ ಬರಬೇಕು! ರಟ್ಟಿಗೆ ಕಂಬಳಿ ತುಂಡು ಅಂಟಿಸಿ, ರೋಲರಿನಲ್ಲಿ ಎಣ್ಣೆಮಸಿ ಸವರಿ, ತೆಳು ಕಾಗದ ಹಾಸಿ, ಮರದ ಸೌಟಿನ ಬೆನ್ನಿನಿಂದ ಉಜ್ಜಿದೆವು. ಒಗೆದೊಗೆದು ಮೆತ್ತಗಾದ ಹಳೇ ಕಂಬಳಿ ಮಸಿಯನ್ನೆಲ್ಲ ಕುಡಿದು, ಕಾಗದದ ಮೇಲೆ ಮಬ್ಬು ಮಚ್ಚೆಯಷ್ಟೇ ಬಿಟ್ಟಿತು. ಮಗ್ಗದಿಂದ ಆಗಷ್ಟೇ ಇಳಿದ ತುಂಡಿನದು ಬೇರೆಯೇ ಕಥೆ. ಸರಿಯ ಬಿಗುವು ಇನ್ನೂ ಅದರಲ್ಲಿತ್ತು; ಹಾಸು ಹೊಕ್ಕಿನ ಎಳೆ ಎಳೆ ಎದ್ದು ಬಂತು. ನೇಕಾರರ ಸರಿಯೇ ನಮಗೆ ಅಚ್ಚಿನ ಗುಟ್ಟು ಹೇಳಿಕೊಟ್ಟಿತ್ತು.

ಆಮೇಲೆ ಸುಮ್ಮನಿರುವುದುಂಟೇ? ಹುಣಸೆಬೀಜ ಹುರಿದು, ಸಿಪ್ಪೆ ತೆಗೆದು, ಬೀಸಿ ಕುದಿಸಿ, ಹರಿದ ಕೌದಿಯ ಮೂಲೆಯೊಂದಕ್ಕೆ ಬಳಿದು ಒಣಗಿಸಿದೆವು. ಕೌದಿಯಲ್ಲಿ ದಾರ ಬಟ್ಟೆಯನ್ನು ಒಳಕ್ಕೆ ಜಗ್ಗಿರುತ್ತದಲ್ಲ, ಅಲ್ಲಿಗೆ ಮಸಿ ತಾಗುವುದಿಲ್ಲ. ಹಾಗಾಗಿ ಕಪ್ಪಿನ ನಡುವೆ ಹೊಲಿಗೆಯ ಸಾಲುಗಳೆಲ್ಲ ಬೆಳ್ಳಗೆ ಉಳಿದವು. ಮೂಲೆ ತಿರುಗುವ ಕಡೆ ಹೊಲಿಗೆ ಚಿಕ್ಕದಾಗಿ, ಒತ್ತೊತ್ತಾಗಿತ್ತು. ಕೌದಿ ತಂದಾಕೆ ಕಾಗದವನ್ನು ಬೆಳಕಿಗೆ ಹಿಡಿದು, “ನಮ್ಮತ್ತೆ ಕೈ ಕಣ್ರೀ ಮೇಷ್ಟ್ರೇ, ಮೂಲೆಗೆ ಬಂದ್ರೆ ಅವರು ಹಿಂಗೇ ಬಿಗಿ ಹಿಡಿಯೋರು” ಅಂದರು. ಬಟ್ಟೆಯ ಬಣ್ಣ, ಹೂವು, ಅಂಚುಗಳಲ್ಲಿ ಅಡಗಿದ್ದ ಕೈಯನ್ನು ಅಚ್ಚು ತೋರಿಸಿಕೊಟ್ಟಿತು. ಈ ಕೆಲಸ ಬಿಡಲು ನನಗೆ ಮನಸ್ಸು ಬಾರದಿರುವುದು ಇದಕ್ಕೇ.

ಪ್ರದರ್ಶನಗಳಿಗೆ ಈ ಹೆಂಗಸರನ್ನೂ ಕರೆದುಕೊಂಡು ಹೋಗುತ್ತೇನೆ. ಜನವರಿಯ ಚಿತ್ರಸಂತೆ ಇವರಿಗೆ ಬಲು ಇಷ್ಟ; ಬೀದಿಯಲ್ಲೇ ಚಿತ್ರ, ಪಕ್ಕದಲ್ಲೇ ಬರೆದವರು, ಮಾತಾಡಿಸಬಹುದು. ಗ್ಯಾಲರಿಗಳ ‘ಮುಟ್ಟಬೇಡಿ’ ಫಲಕ ಕಂಡರೆ ಇವರ ಕೈ ತಾನಾಗಿ ಬೆನ್ನ ಹಿಂದೆ ಹೋಗುತ್ತದೆ. ಕ್ಯಾನ್ವಾಸಿಗೆ ಆ ಫಲಕ ಸರಿ, ಕಂಬಳಿಗೆ ಸರಿಯಲ್ಲ. ಮುಟ್ಟದೆ ಕಂಬಳಿ ಅರ್ಥವಾಗುವುದಾದರೂ ಹೇಗೆ?

2023ರ ಜುಲೈನಲ್ಲಿ ಜಿ-20 ಸಭೆಗೆಂದು ಹಂಪಿಯಲ್ಲಿ ಸಂಡೂರು ಕುಶಲ ಕಲಾ ಕೇಂದ್ರದ 450ಕ್ಕೂ ಹೆಚ್ಚು ಲಂಬಾಣಿ ಮಹಿಳೆಯರು ಹೊಲಿದ 1,755 ಕಸೂತಿ ತುಣುಕುಗಳನ್ನು ಒಟ್ಟಿಗೆ ಹರಡಿದ್ದರು. ಗಿನ್ನೆಸ್ ದಾಖಲೆಯೇ ಆಯಿತು. ಹೊಳಲ್ಕೆರೆಯ ತಾಂಡಾಗಳಲ್ಲೂ ಟ್ರಂಕಿನ ತಳದಲ್ಲಿ ಕನ್ನಡಿ, ಕವಡೆ ಹೊಲಿದ ಕಾಂಚಳಿಗಳಿವೆ. ಅವು ಹೊರಬರಲು ವಿದೇಶಿ ಅತಿಥಿಗಳೇ ಬರಬೇಕೆ? ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿಯಲ್ಲಿ ಪ್ರತಿವರ್ಷ ನಾಟಕೋತ್ಸವಕ್ಕೆ ಸುತ್ತಲ ಹಳ್ಳಿಗಳ ಜನ ಸೇರುತ್ತಾರೆ. ಅಂಥ ಕಡೆ ಒಂದು ಹಗ್ಗ ಕಟ್ಟಿ ಕಂಬಳಿ, ಕೌದಿ, ಕಾಂಚಳಿ, ಅವುಗಳ ಅಚ್ಚು ಎಲ್ಲವನ್ನೂ ನೇತುಹಾಕಬೇಕು ಅನ್ನುವುದು ನನ್ನ ಆಸೆ. ಒಂದೊಂದರ ಕೆಳಗೂ ಹೊಲಿದವರ, ನೆಯ್ದವರ ಹೆಸರು ದಪ್ಪಕ್ಷರದಲ್ಲಿರಲಿ, ಜೊತೆಗೆ ಮುಟ್ಟಿ ನೋಡಲು ಒಂದು ತುಂಡೂ ಇರಲಿ.